ಮೂರು ತಿಂಗಳ ನೆಗಡಿ

ಹೋದ ತಿಂಗಳು ಮಣ್ಣಿನ ಮಾದರಿ ತರಲು ಕುರುಗೋಡಿಗೆ ಹೋಗಿದ್ದೆ. ಕೆಲಸ ಮುಗಿದ ಮೇಲೆ ಬಳ್ಳಾರಿ ಬಸ್ಸಿಗೆ ಕಾಯುತ್ತಾ ಬಸ್ ಸ್ಟ್ಯಾಂಡಿನ ಎದುರಿನ ಚಹಾ ಅಂಗಡಿಯ ನೆರಳಲ್ಲಿ ನಿಂತಿದ್ದೆ. ಅಂಗಡಿಯವನು ಶುಂಠಿ ಜಜ್ಜಿ ಕುದಿಯುವ ನೀರಿಗೆ ಹಾಕಿದ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ. ಯಾರಿಗೋ ಗಂಟಲು ಕಟ್ಟಿತ್ತಂತೆ. ಆ ಹಬೆ ಮುಖಕ್ಕೆ ಬಡಿದಿದ್ದೇ ನನ್ನ ಕಣ್ಣು ತುಂಬಿಕೊಂಡವು. ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ.

ಎಂಟು ವರ್ಷದ ಹಿಂದಿನ ಮಾತು. ಬಳ್ಳಾರಿಯಲ್ಲಿ ಬಿ.ಎಸ್ಸಿ. ಮುಗಿಸಿ ಸಿರುಗುಪ್ಪ ಹತ್ತಿರದ ದೇಶನೂರಿನ ಮನೆಗೆ ಬಂದು ಕೂತಿದ್ದೆ. ಅಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅವನು ತಂದು ಗೋಡೆಗೆ ಹಾಕಿದ್ದ ಬುದ್ಧನ ಪಟಕ್ಕೆ ಅವ್ವ ದಿನಾ ಹೂವಿಡುತ್ತಿದ್ದಳು. ಅವ್ವನ ಹೆಸರು ಹುಲಿಗೆಮ್ಮ. ನಮ್ಮ ಕೇರಿಯಲ್ಲಿ ನೆಲ್ಲು ನಾಟಿ ಹಚ್ಚುವ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ನಮ್ಮ ಕಡೆ ಭತ್ತಕ್ಕೆ ನೆಲ್ಲು ಅಂತಾರೆ.

ಆ ವರ್ಷ ನಾಟಿ ಶುರುವಾಗುವ ಹೊತ್ತಿಗೆ ಫಿಲಿಪೈನ್ಸ್‌ನಿಂದ ಒಬ್ಬಳು ಭತ್ತದ ಸಂಶೋಧಕಿ ಬಂದಳು. ಕಾಲುವೆ ನೀರು ಕುಡಿದು ಕುಡಿದು ಸಿರುಗುಪ್ಪದ ಎಷ್ಟೋ ಹೊಲಗಳು ಸವುಳಾಗಿವೆ, ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ಅಂಥ ನೆಲದಲ್ಲೂ ಬೆಳೆಯುವ ನಾಲ್ಕು ತಳಿಗಳನ್ನು ಅವಳು ಬೆಳೆಸಿ ನೋಡಬೇಕಿತ್ತು. ಅದಕ್ಕೆ ನೆಲ ಕೊಟ್ಟವರು ನಮ್ಮೂರಿನ ರುದ್ರಗೌಡರು. ಅವಳ ಇಂಗ್ಲಿಷನ್ನು ಕನ್ನಡ ಮಾಡಲು, ಗದ್ದೆಯಲ್ಲಿ ಅಳತೆ ಬರೆದುಕೊಳ್ಳಲು ಒಬ್ಬರು ಬೇಕಾಗಿದ್ದರು. ಕೆಲಸ ನನಗೆ ಸಿಕ್ಕಿತು. ಅದನ್ನು ಕೊಡಿಸಿದವರೂ ಗೌಡರೇ.

ಅವಳ ಹೆಸರು ಮರಿಸೆಲ್. ನಲವತ್ತರ ಆಸುಪಾಸು, ಗಿಡ್ಡ ಆಳು, ಸದಾ ಹುಲ್ಲಿನ ಟೋಪಿ. ಮೊದಲ ದಿನ ಗದ್ದೆಗೆ ಇಳಿದವಳು ಅವ್ವನನ್ನು ನೋಡಿ, "ಇವರು ನಿನ್ನ ತಾಯಿಯಾ?" ಅಂತ ಕೇಳಿದಳು. ಹೌದು ಅಂದೆ. ನಡುಮಟ್ಟ ಬಗ್ಗಿ, ಅವ್ವನ ಬಲಗೈ ಹಿಡಿದು, ಆ ಕೈಯ ಹಿಂಬದಿಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡಳು. ಅವರ ದೇಶದಲ್ಲಿ ಹಿರಿಯರಿಗೆ ಹಾಗೆ ನಮಸ್ಕಾರ ಮಾಡುತ್ತಾರಂತೆ. ಅವ್ವ ಗಾಬರಿಯಾಗಿ ಕೈ ಎಳೆದುಕೊಂಡಳು.

"ಬಿಡವ್ವ, ಕೈಯೆಲ್ಲಾ ರಾಡಿ ಆಗೇತಿ!"

ಮರಿಸೆಲ್ ಹಣೆಯ ಮೇಲೆ ಕೆಸರಿನ ಮೂರು ಬೆರಳಿನ ಗುರುತು. ಅದನ್ನು ಒರೆಸಿಕೊಳ್ಳದೆ ಇಡೀ ಮುಂಜಾನೆ ಓಡಾಡಿದಳು. ಬದುವಿನ ಮೇಲೆ ನಿಂತಿದ್ದ ಗೌಡರು ಅದನ್ನು ನೋಡಿದರು. ಹೆಂಗಸರು ಆವತ್ತೇ ಅವಳಿಗೆ ಮರಿಯವ್ವ ಅಂತ ಹೆಸರಿಟ್ಟರು. ತನ್ನನ್ನು ಮೇಡಂ ಅನ್ನಬೇಡ, 'ಆತೆ' ಅನ್ನು ಅಂತ ಅವಳು ನನಗೆ ಹೇಳಿದಳು. ಆತೆ ಅಂದರೆ ಅವರ ಮಾತಿನಲ್ಲಿ ಅಕ್ಕ. ಹೆಂಗಸರಿಗೆ ಅದು ಅತ್ತಿ ಅಂತ ಕೇಳಿಸಿ, "ಸುಜಾತಾ, ನಿಮ್ಮತ್ತಿ ಕರೀತಾಳ ನೋಡಲೇ" ಅಂತ ಬಿದ್ದು ಬಿದ್ದು ನಗುತ್ತಿದ್ದರು.

ಮಧ್ಯಾಹ್ನ ಗೌಡರು ಅವಳನ್ನು ಚಹಾಕ್ಕೆ ಕರೆದರು. ಅವಳಿಗೆ ಪಡಸಾಲೆಯಲ್ಲಿ ಕುರ್ಚಿ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಯಾರೂ ಅಲ್ಲಿ ಕೂಡು ಅಂತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೌಡರ ಹೆಂಡತಿ ನೀಲಮ್ಮನವರು ಒಳಗಿನಿಂದ ಎರಡು ಸ್ಟೀಲ್ ಲೋಟ, ಒಂದು ಪೇಪರ್ ಕಪ್ಪು ತಂದರು. ಪೇಪರ್ ಕಪ್ಪನ್ನು ಮೆಟ್ಟಿಲ ಮೇಲೆ ನನ್ನ ಪಕ್ಕ ಇಟ್ಟರು. ಮೊದಲಾದರೆ ನಮಗೆ ಅಂತ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತು, ಕುಡಿದು ತೊಳೆದು ಇಡಬೇಕಿತ್ತು. ಪೇಪರ್ ಕಪ್ಪು ಬಂದ ಮೇಲೆ ಎಲ್ಲರಿಗೂ ಸಲೀಸಾಗಿತ್ತು.

ಮರಿಸೆಲ್ ನನ್ನ ಕಪ್ಪು ನೋಡಿದಳು, ತನ್ನ ಲೋಟ ನೋಡಿದಳು. "ನಿನಗೆ ಯಾಕೆ ಬೇರೆ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು.

ಉತ್ತರ ನನ್ನ ಬಾಯಲ್ಲಿ ತಾನಾಗಿ ಬಂತು. "ನನಗೆ ನೆಗಡಿ. ಬೇರೆಯವರಿಗೆ ಹತ್ತಬಾರದು ಅಂತ."

ಯಾಕೆ ಹಾಗೆ ಹೇಳಿದೆ? ದೂರದಿಂದ ಬಂದವಳ ಮುಂದೆ ನಮ್ಮೂರಿನ ಮಾನ ಹೋಗಬಾರದು ಅಂತ ಇರಬಹುದು, ನನ್ನ ಮಾನ ಹೋಗಬಾರದು ಅಂತಲೂ ಇರಬಹುದು. ಅದಕ್ಕಿಂತ ದೊಡ್ಡ ಕಾರಣ ಒಂದಿತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕಳೆ ತೆಗೆಯುವಾಗ ಅವ್ವನಿಗೆ ಹಾವು ಕಚ್ಚಿತ್ತು. ಗೌಡರು ಊಟ ಬಿಟ್ಟು ಎದ್ದು ಬಂದು, ಅವ್ವನನ್ನು ತಮ್ಮ ಜೀಪಿಗೆ ಹಾಕಿಕೊಂಡು ಬಳ್ಳಾರಿ ಆಸ್ಪತ್ರೆಗೆ ಓಡಿಸಿದ್ದರು. ನೀಲಮ್ಮನವರು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಅರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಅಂದಿದ್ದರು ಡಾಕ್ಟರು. ಅಂಥವರ ಮೇಲೆ ಹೊರಗಿನವಳ ಮುಂದೆ ದೂರು ಹೇಳುವುದು ಹೇಗೆ? ಜೀವ ಹೋಗುವಾಗ ಇಲ್ಲದ ಮೈಲಿಗೆ ಚಹಾ ಕುಡಿಯುವಾಗ ಎಲ್ಲಿಂದ ಬರುತ್ತದೆ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಯಾರನ್ನೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮರಿಸೆಲ್ ಸಿರುಗುಪ್ಪದ ರೂಮಿನಿಂದ ಬರುವಾಗ ಕೈಯಲ್ಲಿ ಒಂದು ಕೆಂಪು ಫ್ಲಾಸ್ಕು. ಶುಂಠಿ ಜಜ್ಜಿ, ನಿಂಬೆಹಣ್ಣು ಹಿಂಡಿದ ಬಿಸಿನೀರು. "ಅಮ್ಮ ನಮಗೆ ನೆಗಡಿಯಾದರೆ ಇದನ್ನೇ ಕೊಡುತ್ತಿದ್ದಳು. ನಮ್ಮಲ್ಲಿ ನಿಂಬೆ ಇನ್ನೂ ಸಣ್ಣದು, ವಾಸನೆ ಜಾಸ್ತಿ" ಅಂದಳು. ಕುಡಿದೆ. ಏನು ಮಾಡಲಿ? ಮರುದಿನ ಮತ್ತೆ ತಂದಳು, ಅದರ ಮರುದಿನವೂ ತಂದಳು. ನಾಟಿ ಮುಗಿಯಿತು, ಸಸಿ ಬೇರು ಹಿಡಿಯಿತು, ಗದ್ದೆಯೆಲ್ಲ ಹಸಿರಾಗಿ ಮೊಣಕಾಲು ಮುಟ್ಟಿತು. ಗೌಡರ ಮನೆಯ ಚಹಾ ದಿನಾ ಇತ್ತು, ಪೇಪರ್ ಕಪ್ಪು ದಿನಾ ಇತ್ತು, ನನ್ನ ನೆಗಡಿಯೂ ಇತ್ತು. ಕೆಲವು ದಿನ ನಾನೇ ನೆನಪು ಮಾಡಿಕೊಂಡು ಕೆಮ್ಮುತ್ತಿದ್ದೆ.

ಆ ದಿನಗಳಲ್ಲಿ ಅವಳು ನನಗೆ ಏನೇನೋ ಕಲಿಸಿದಳು. ಒಂದು ಬುಡದಲ್ಲಿ ಎಷ್ಟು ತೆಂಡೆ, ಅಂದರೆ ಮರಿಪೈರು, ಒಡೆದಿದೆ ಅಂತ ಬೆರಳಿನಿಂದಲೇ ಎಣಿಸುವುದು, ಎಲೆಯ ತುದಿ ನೋಡಿ ಮಣ್ಣಿನ ಉಪ್ಪು ಹೇಳುವುದು. ಬುತ್ತಿ ಬಿಚ್ಚುವ ಮೊದಲು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದಳು. ಅವಳಿಗೆ ಯಾರಿಗೂ ನೇರವಾಗಿ ಇಲ್ಲ ಅನ್ನಲು ಬರುತ್ತಿರಲಿಲ್ಲ. ಹೆಂಗಸರು ನಾಲ್ಕನೇ ರೊಟ್ಟಿ ಹಾಕಿದರೂ ನಕ್ಕು ತಿನ್ನುತ್ತಿದ್ದಳು, ಆಮೇಲೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ನಮ್ಮ ಹೆಂಗಸರು ಅದಕ್ಕೆ ತದ್ವಿರುದ್ಧ. ಮನಸ್ಸಿಗೆ ಬಂದದ್ದು ನಾಲಿಗೆಗೆ ಬರಲೇಬೇಕು.

ಹಾಗೆ ಒಂದು ದಿನ ಬಂತು. ಅಕ್ಟೋಬರಿನಲ್ಲಿ ನೆಲ್ಲು ತೆನೆ ಬಿಚ್ಚುವ ಹೊತ್ತು, ಹಠಾತ್ತಾಗಿ ಮಳೆ ಬಂದು ನಾವೆಲ್ಲ ಪಂಪ್‌ಸೆಟ್ ಕೋಣೆಯ ಒಳಗೆ ನಿಂತೆವು. ಮರಿಸೆಲ್ ಫ್ಲಾಸ್ಕು ತೆಗೆದು ನನ್ನ ಕೈಗೆ ಕೊಟ್ಟಳು. ಅವ್ವನ ಗುಂಪಿನ ಈರಮ್ಮನೊಬ್ಬಳಿಗೆ ನೆಗಡಿಯ ಸುಳ್ಳಿನ ವಿಷಯ ಹೇಳಿದ್ದೆ. ಅವಳು ಫ್ಲಾಸ್ಕು ನೋಡಿ, "ಏನವ್ವ ಸುಜಾತಾ, ಮೂರು ತಿಂಗಳಾತು, ಗೌಡ್ರ ಮನ್ಯಾಗ ಹತ್ತಿದ ನೆಗಡಿ ಇನ್ನಾ ಬಿಡವಲ್ದ?" ಅಂದಳು. ಎಲ್ಲರೂ ಘೊಳ್ ಅಂತ ನಕ್ಕರು.

ಮರಿಸೆಲ್ ಅದೇನು ಅಂತ ಕೇಳಲಿಲ್ಲ. ಪ್ರತಿ ನಗುವಿಗೂ ಅರ್ಥ ಕೇಳುತ್ತಿದ್ದವಳು ಆವತ್ತು ತಲೆ ತಗ್ಗಿಸಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತಳು. ಆ ಮುಖ ನೋಡಿ ನನಗೆ ತಿಳಿಯಿತು.

"ಆತೆ, ನಿನಗೆ ಯಾವಾಗ ಗೊತ್ತಾಯ್ತು?"

ಮುಚ್ಚಳದಿಂದ ಕಣ್ಣೆತ್ತದೆ ಹೇಳಿದಳು. "ಎರಡನೇ ವಾರ. ನೀನು ಒಂದು ಸಲವೂ ಸೀನಲಿಲ್ಲ. ಆಮೇಲೆ ಉಳಿದ ಹೆಂಗಸರಿಗೂ ಪೇಪರ್ ಕಪ್ಪೇ ಕೊಡುವುದನ್ನು ನೋಡಿದೆ."

"ಮತ್ತೆ ಇದನ್ನು ಯಾಕೆ ತರುತ್ತಿದ್ದೆ?"

"ತರುವುದನ್ನು ನಿಲ್ಲಿಸಿದರೆ ನನಗೆ ಗೊತ್ತಾಗಿದೆ ಅಂತ ನಿನಗೆ ಗೊತ್ತಾಗುತ್ತಿತ್ತು. ನಿನಗೆ ನಾಚಿಕೆ ಆಗಬಾರದು ಅಂತ. ನಮ್ಮಲ್ಲಿ ಇದಕ್ಕೆ 'ಹಿಯಾ' ಅಂತಾರೆ, ನಾಲ್ಕು ಜನರ ಮುಂದೆ ಮುಖ ಕೆಳಗಾಗುವುದು. ಇನ್ನೊಬ್ಬರಿಗೆ ಅದು ಆಗದಂತೆ ನೋಡಿಕೊಳ್ಳುವವನೇ ಒಳ್ಳೆಯವನು ಅಂತ ನಮ್ಮನ್ನು ಬೆಳೆಸಿದ್ದಾರೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ತಿಂಗಳು ಅವಳು ಎಲ್ಲ ಗೊತ್ತಿದ್ದೂ ಪಡಸಾಲೆಯ ಕುರ್ಚಿಯಲ್ಲಿ ಕೂತು ಸ್ಟೀಲ್ ಲೋಟದಲ್ಲಿ ಚಹಾ ಕುಡಿದಿದ್ದಳು. "ನಾಚಿಕೆ ನನಗೆ ಯಾಕೆ ಆಗಬೇಕಿತ್ತು?" ಅಂತ ಇಂಗ್ಲಿಷಿನಲ್ಲೇ ಕೂಗಿದೆ. "ತಪ್ಪು ಮಾಡಿದ್ದು ನಾನಾ?" ಫ್ಲಾಸ್ಕನ್ನು ಅವಳ ಕಾಲ ಹತ್ತಿರ ಇಟ್ಟು ಮಳೆಯಲ್ಲೇ ಮನೆಗೆ ನಡೆದೆ.

ನಾಲ್ಕು ದಿನ ಕೆಲಸದ ಮಾತು ಬಿಟ್ಟರೆ ಏನೂ ಆಡಲಿಲ್ಲ. ಆತೆ ಅನ್ನಲಿಲ್ಲ, ಮೇಡಂ ಅಂದೆ. ಅವಳೂ ಫ್ಲಾಸ್ಕು ತರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಒಬ್ಬಳೇ ನಮ್ಮ ಕೇರಿಗೆ ನಡೆದು ಬಂದಳು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಸಿಹಿ. ಅಕ್ಕಿ, ತೆಂಗಿನಹಾಲು, ಬೆಲ್ಲ ಹಾಕಿ ರೂಮಿನಲ್ಲೇ ಮಾಡಿದ್ದಳು. ಅವರ ಕಡೆಯ ಅಂಟು ಅಕ್ಕಿ ಇಲ್ಲಿ ಸಿಗದೆ ಅದು ಉದುರು ಉದುರಾಗಿತ್ತು. ಬಂದವಳು ನನ್ನ ಕಡೆ ನೋಡಲಿಲ್ಲ, ನೇರ ಅವ್ವನ ಹತ್ತಿರ ಹೋಗಿ ಅವಳ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು. ಈ ಸಲ ಅವ್ವ ಕೈ ಎಳೆದುಕೊಳ್ಳಲಿಲ್ಲ.

"ಕುಂದ್ರವ್ವ. ಏನಾಗೇತಿ ನಿಮ್ಮಿಬ್ಬರಿಗೆ? ಈಕಿ ನಾಕು ದಿನದಿಂದ ಮನ್ಯಾಗ ಮಾತಾಡವಲ್ಲಳು."

ಅವ್ವನಿಗೆ ನೆಗಡಿಯ ಸುಳ್ಳು ಗೊತ್ತಿರಲಿಲ್ಲ. ಈರಮ್ಮ ಆವತ್ತು ಅಂದದ್ದನ್ನು ತಮಾಷೆ ಅಂದುಕೊಂಡಿದ್ದಳು. ಎಲ್ಲವನ್ನೂ ಹೇಳಿದೆ. ಮರಿಸೆಲ್ ಚಾಪೆಯ ಮೇಲೆ ಕೂತು ತನ್ನ ಮಾತು ಹೇಳಿದಳು, ನಾನು ಒಂದೊಂದನ್ನೂ ಕನ್ನಡ ಮಾಡುತ್ತಾ ಹೋದೆ.

ಅವಳ ತಾಯಿ ಅವರೂರಿನ ಜಮೀನ್ದಾರರ ಮನೆಯಲ್ಲಿ ಅಡಿಗೆ ಕೆಲಸಕ್ಕಿದ್ದಳು. ಮೂವತ್ತು ವರ್ಷ ಅದೇ ಮನೆ. ಎಲ್ಲರಿಗೂ ಬಡಿಸಿ, ಅವರು ಎದ್ದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ನಿಂತು ತನ್ನ ಬೇರೆ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಮರಿಸೆಲ್‌ಳನ್ನು ಕಾಲೇಜಿಗೆ ಕಳಿಸಿದವರು ಆ ಮನೆಯವರೇ. "ನಮ್ಮಲ್ಲಿ ಒಂದು ಮಾತಿದೆ, 'ಊತಾಂಗ್ ನ ಲೊಓಬ್.' ಒಳಗಿನ ಋಣ ಅಂತ. ಅದು ಎಷ್ಟು ಕೊಟ್ಟರೂ ತೀರುವುದಿಲ್ಲ. ಈಗಲೂ ಕ್ರಿಸ್ಮಸ್ಸಿಗೆ ಆ ಮನೆಗೆ ಹೋದರೆ ನಾನು ಮೇಜಿನ ಹತ್ತಿರ ಕೂರುತ್ತೇನೆ, ಅಮ್ಮ ಅಡಿಗೆಮನೆಯಲ್ಲಿ ನಿಂತಿರುತ್ತಾಳೆ. ನಾನು ಒಂದು ದಿನವೂ ಬಾಯಿ ಬಿಟ್ಟಿಲ್ಲ. ಸುಜಾಳ ಮಾನ ಕಾಪಾಡುತ್ತಿದ್ದೇನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಮಾತಾಡಲು ಹೆದರಿಕೆ ಇತ್ತು, ಅಷ್ಟೇ."

ಅವ್ವ ಆ ಉದುರು ಸಿಹಿಯನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡುತ್ತಾ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಯಾಕಲೇ ಸುಳ್ಳು ಹೇಳಿದಿ?"

"ಗೌಡ್ರು ನಿನ್ನ ಜೀವ ಉಳಿಸ್ಯಾರಲ್ಲಬೇ."

"ಹೌದು, ಉಳಿಸ್ಯಾರ. ಹಾವು ಕಡದಿದ್ದು ನನಗ. ಜೀಪಿನ್ಯಾಗ ಹೋದಾಕಿ ನಾನು. ಆ ಋಣ ನಂದು. ನನ್ನ ಕೈಲಾದಷ್ಟು ನಾ ತೀರಸಾಕತ್ತೀನಿ, ಅವರ ಗದ್ದಿಗೆ ಕರೆದಾಗ ಒಂದಿನ ಇಲ್ಲ ಅಂದಿಲ್ಲ. ನಿನಗೇನು ಅವರು ಹಾವಿನ ಬಾಯಿಂದ ತಗದಾರನು? ನನ್ನ ಋಣಾನ ನೀ ಹೊತ್ಕೊಂಡು ಅಡ್ಡಾಡು ಅಂತ ನಾ ಯಾವತ್ತು ಹೇಳಿದ್ದೆ?"

ಮರಿಸೆಲ್ ನನ್ನ ತೋಳು ಹಿಡಿದು, "ಏನು ಹೇಳಿದರು?" ಅಂತ ಕೇಳಿದಳು. ಹೇಳಿದೆ. ಅವಳು ಬಹಳ ಹೊತ್ತು ಅವ್ವನನ್ನೇ ನೋಡುತ್ತಾ ಕೂತಳು.

ಮರುದಿನ ಮಧ್ಯಾಹ್ನ ಎಂದಿನಂತೆ ಗೌಡರ ಮನೆಗೆ ಹೋದೆವು. ನೀಲಮ್ಮನವರು ತಟ್ಟೆ ಹಿಡಿದು ಬಂದರು. ನಾನು ಮೆಟ್ಟಿಲಿನಿಂದ ಎದ್ದು ನಿಂತೆ.

"ಅಮ್ಮಾರ, ಇನ್ನ ಮ್ಯಾಲ ನನಗೂ ಸ್ಟೀಲ್ ಲೋಟದಾಗ ಕೊಡ್ರಿ."

ನೀಲಮ್ಮನವರು ನಿಂತಲ್ಲೇ ನಿಂತರು. ಗೌಡರು ಕೈಯಲ್ಲಿದ್ದ ಪೇಪರ್ ಮಡಿಚಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

"ನಿಮ್ಮವ್ವನ್ನ ಈ ಕೈಲೆ ಎತ್ತಿ ಜೀಪಿಗೆ ಹಾಕೀನಿ. ಮರತ್ಯಾ?"

"ಮರತಿಲ್ರಿ ಗೌಡ್ರ. ಅದಕ್ಕ ಇಷ್ಟು ದಿನ ಕೇಳಿದ್ದಿಲ್ರಿ."

"ಯಾರು ಹೇಳಿಕೊಟ್ರು ನಿನಗ? ಈಕೀನ?" ಅಂತ ಮರಿಸೆಲ್ ಕಡೆ ಕೈ ಮಾಡಿದರು.

ಅವಳು ನನ್ನನ್ನು ನೋಡಿದಳು. ಅಲ್ಲಿಯವರೆಗೆ ನಾನು ಆ ಪಡಸಾಲೆಯಲ್ಲಿ ಎಷ್ಟೋ ಮಾತನ್ನು ತೊಳೆದು ಒರೆಸಿ ಆ ಕಡೆ ಈ ಕಡೆ ದಾಟಿಸಿದ್ದೆ. ಆವತ್ತು ಗೌಡರ ಮಾತನ್ನು ಇದ್ದ ಹಾಗೆ ಹೇಳಿದೆ. ಯಾರಿಗೂ ಇಲ್ಲ ಅನ್ನಲಾರದ ಮರಿಸೆಲ್ ಕುರ್ಚಿಯಿಂದ ಎದ್ದು, ಕೈಕಟ್ಟಿ ನಿಂತು, ನೆಲ ನೋಡುತ್ತಾ ಮಾತಾಡಿದಳು. ದನಿ ಕೇಳಿಸಲಾರದಷ್ಟು ಸಣ್ಣಗಿತ್ತು. ನಾನು ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದೆ.

"ಗೌಡ್ರ ಮ್ಯಾಲ ನನಗ ಭಾಳ ಗೌರವ ಐತಿ ಅಂತಾಳ್ರಿ. ಸುಜಾತಾಗ ಯಾವುದ್ರಾಗ ಕೊಡ್ತೀರೋ ನನಗೂ ಅದರಾಗ ಕೊಡ್ರಿ, ಪೇಪರ್ ಆದ್ರ ಪೇಪರ್ ಅಂತಾಳ್ರಿ."

ಗೌಡರು ಎದ್ದು ಒಳಗೆ ಹೋದರು. ನೀಲಮ್ಮನವರು ಲೋಟ, ಕಪ್ಪು ಎಲ್ಲವನ್ನೂ ಅದೇ ತಟ್ಟೆಯಲ್ಲಿಟ್ಟುಕೊಂಡು ಹಿಂದೆಯೇ ಹೋದರು. ಚಹಾ ಯಾರೂ ಕುಡಿಯಲಿಲ್ಲ.

ಅಲ್ಲಿಂದ ಕೊಯ್ಲಿನವರೆಗೆ ಆ ಮನೆಯಿಂದ ಕರೆ ಬರಲಿಲ್ಲ. ಗೌಡರು ನಮ್ಮ ನಾಲ್ಕು ತಳಿಯ ಗದ್ದೆಮಡಿಗಳ ಮೇಲೆ ಕೊಯ್ಲಿನ ಮಷಿನ್ ಓಡಿಸಿಬಿಟ್ಟರೆ ಕಾಳೆಲ್ಲ ಬೆರೆತು ಇಡೀ ಹಂಗಾಮಿನ ಕೆಲಸ ಮಣ್ಣುಪಾಲು. ಹಾಗೆ ಮಾಡಿ ಅಂತ ಊರಲ್ಲಿ ಅವರಿಗೆ ಹೇಳಿದವರೂ ಇದ್ದರಂತೆ. ನನಗೆ ನಿದ್ದೆ ಬರುತ್ತಿರಲಿಲ್ಲ. ಅವ್ವ ಮಾತ್ರ, "ಆ ಗೌಡ ಮಾತು ಕೊಟ್ಟ ಮ್ಯಾಲ ತಪ್ಪಾಂವಲ್ಲ, ಸುಮ್ನ ಮಕ್ಕೋ" ಅನ್ನುತ್ತಿದ್ದಳು.

ಅವ್ವ ಹೇಳಿದ್ದೇ ನಿಜವಾಯಿತು. ಕೊಯ್ಲಿನ ದಿನ ಸುತ್ತಲ ಗದ್ದೆಗಳಲ್ಲಿ ಮಷಿನ್ ಓಡುತ್ತಿತ್ತು, ನಮ್ಮ ನಾಲ್ಕು ಮಡಿ ಹಾಗೇ ಬಂಗಾರದ ಬಣ್ಣದಲ್ಲಿ ನಿಂತಿದ್ದವು. ನಾವು ಕುಡುಗೋಲು ಹಿಡಿದು ಇಳಿದೆವು. ಗೌಡರು ಛತ್ರಿ ಹಿಡಿದು ದೂರದ ಬದುವಿನ ಮೇಲೆ ಬಂದು ನಿಂತರು. ನನ್ನ ಹತ್ತಿರ ಆಡಿದ್ದು ಒಂದೇ ಮಾತು: "ತೂಕ ಸರಿಯಾಗಿ ಬರಕೋ."

ಊಟದ ಹೊತ್ತಿಗೆ ನೀಲಮ್ಮನವರು ತಾವೇ ಮಜ್ಜಿಗೆ ಕೊಡ ಹೊತ್ತುಕೊಂಡು ಬಂದರು. ಆ ಮನೆಯ ಹೆಂಗಸು ಗದ್ದೆಗೆ ಕೊಡ ಹೊತ್ತು ಬಂದದ್ದನ್ನು ನಾವು ಯಾರೂ ಕಂಡಿರಲಿಲ್ಲ. ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಹಾಕಿ ಮೊದಲು ನನಗೆ ಕೊಟ್ಟರು. ಕುಡಿದೆ. ಅಭ್ಯಾಸಬಲದಿಂದ ಲೋಟ ತೊಳೆಯಲು ಕಾಲುವೆ ಕಡೆ ಹೊರಟೆ. ಅವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನನಗೆ ಮಾತ್ರ ಕೇಳುವಂತೆ ಹೇಳಿದರು.

"ಆವತ್ತು ಜೀಪಿನ್ಯಾಗ ನಿಮ್ಮವ್ವ ನನ್ನ ತೊಡಿ ಮ್ಯಾಲ ಇದ್ಲು. ಮನಿಗೆ ಬಂದು ಮೊದಲು ಮಾಡಿದ್ದು ಸೀರಿ ನೆನಿ ಹಾಕಿದ್ದು. ಯಾಕ ಹಾಕಿದೆ ಅಂತ ಆಗ ನನಗ ಅನಸಲಿಲ್ಲ. ಈಗ ಒಂದು ತಿಂಗಳಿಂದ ಅದಽ ಅನಸಾಕತ್ತೈತಿ."

ಗೌಡರು ಅತ್ತ ತಿರುಗಿ ನಿಂತಿದ್ದರು.

ಅಲ್ಲಿಗೆ ಎಲ್ಲ ಸರಿಯಾಯಿತು ಅಂದರೆ ಸುಳ್ಳಾಗುತ್ತದೆ. ಉಳಿದ ಹೆಂಗಸರಿಗೆ ಆ ಮನೆಯಲ್ಲಿ ಇನ್ನೊಂದು ವರ್ಷ ಪೇಪರ್ ಕಪ್ಪೇ ಇತ್ತು. ಮುಂದಿನ ನಾಟಿಯಲ್ಲಿ ಈರಮ್ಮ ತಾನೇ ಜಗಳ ತೆಗೆದು ಲೋಟ ಕೇಳಿದಳು ಅಂತ ಅವ್ವ ಹೇಳಿದಳು. ಗೌಡರು ನನ್ನೊಡನೆ ಮೊದಲಿನ ಸಲಿಗೆಯಲ್ಲಿ ಮತ್ತೆ ಮಾತಾಡಲಿಲ್ಲ. ಅದು ನನಗೆ ಈಗಲೂ ನೋಯುತ್ತದೆ.

ಮರಿಸೆಲ್ ಡಿಸೆಂಬರಿನಲ್ಲಿ ಹೊರಟಳು. ಬಳ್ಳಾರಿ ರೈಲ್ವೆ ಸ್ಟೇಷನ್ನಿಗೆ ನಾನೂ ಅವ್ವನೂ ಹೋಗಿದ್ದೆವು. ರೈಲು ಬರುವವರೆಗೂ ಅವಳು ತಳಿಗಳ ಬಗ್ಗೆ, ಮಣ್ಣಿನ ಬಗ್ಗೆ ಮಾತಾಡಿದಳು. ಆಮೇಲೆ ಅವ್ವನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ, ಅವ್ವನೇ ಬಿಡಿಸಿ ಹತ್ತಿಸಿದಳು. ಅವಳು ಬರೆದುಕೊಟ್ಟ ಪತ್ರದ ಮೇಲೆ ಬಳ್ಳಾರಿಯ ಗಾಂಧಿನಗರದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತು.

ಆ ವರ್ಷದ ಕ್ರಿಸ್ಮಸ್ ಮುಗಿದು ಎರಡು ದಿನಕ್ಕೆ ಅವಳ ಫೋನು ಬಂತು. ಲೈನು ಸರಿಯಿರಲಿಲ್ಲ, ಹಿಂದೆ ಯಾರೋ ಮಕ್ಕಳು ಗಲಾಟೆ ಮಾಡುತ್ತಿದ್ದರು.

"ಸುಜಾ, ಆ ದೊಡ್ಡ ಮನೆಗೆ ಹೋಗಿದ್ವಿ. ಎಲ್ಲರೂ ಊಟಕ್ಕೆ ಕೂತರು. ಅಮ್ಮ ಅಡಿಗೆಮನೆಗೆ ಹೋಗಲು ಹೊರಟಳು. ನಾನು ಅವಳ ಕೈ ಹಿಡಿದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನಾನು ಹಿಂದೆ ನಿಂತೆ."

"ಆ ಮನೆಯವರು ಏನಂದ್ರು?"

"ಏನೂ ಅನ್ನಲಿಲ್ಲ. ಆಮೇಲೆ ಅವರ ಸೊಸೆ ಇನ್ನೊಂದು ಕುರ್ಚಿ ತಂದು ಹಾಕಿದಳು."

"ಅಮ್ಮ ಅತ್ತರಾ?"

ಅವಳು ನಕ್ಕಳು. ನಗುವಿನ ಮಧ್ಯೆ ಮೂಗು ಏರಿಸಿದ್ದು ಕೇಳಿಸಿತು.

"ಇಲ್ಲ. ಮೀನು ಎರಡು ಸಲ ಹಾಕಿಸಿಕೊಂಡಳು. ಮೂವತ್ತು ವರ್ಷದಿಂದ ತಾನು ಮಾಡಿದ ಅಡಿಗೆ ಬಿಸಿ ಇದ್ದಾಗ ಹೇಗಿರುತ್ತದೆ ಅಂತ ತನಗೆ ಗೊತ್ತೇ ಇರಲಿಲ್ಲ ಅಂದಳು."